ಪುಟ್ಟಿಯನ್ನು ಪಟ್ಟಿಗೆ ಸೇರಿಸಲಿಲ್ಲ

ಭಾಗ್ಯ, ನಿನ್ನ ಅರ್ಜಿ ಬಿದ್ದುಹೋಗಿದ್ದು ನನ್ನಿಂದ. ಮೂರು ವರ್ಷ ನೀನು ಆಫೀಸಿನವರನ್ನು ಬೈದೆ, ನಾನೂ ಜೊತೆಗೆ ಬೈದೆ. ಸುಳ್ಳು ಹೇಳಿದವಳು ನಿನ್ನ ಪಕ್ಕದ ಮನೆಯಲ್ಲೇ ಇದ್ದಳು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ಬಾರದು. ಪಂಚಾಯಿತಿ ಕಡೆಯಿಂದ ಅಂಗವಿಕಲರ ಹೆಸರನ್ನು ಪಟ್ಟಿಗೆ ಬರೆದುಕೊಳ್ಳಲು ಆ ಹುಡುಗಿ ಬಂದಳಲ್ಲ, ಅವತ್ತೇ ನಮ್ಮ ದೊಡ್ಡ ಮೊಮ್ಮಗಳು ಸುಮಳನ್ನು ನೋಡಲು ಬಾಣಾವರದವರು ಬರುವುದಿತ್ತು. ಚಿಕ್ಕವಳು ಪುಟ್ಟಿಗೆ ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ. ಗಂಡಿನ ಕಡೆಯವರ ಕಣ್ಣಿಗೆ ಬೀಳದಿರಲೆಂದು ಅವಳನ್ನು ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದ್ದೆ. ನೀರು ಕೇಳಿ ಒಳಗೆ ಬಂದ ಆ ಹುಡುಗಿ ನೋಡಿಬಿಟ್ಟಳು.

"ಅಜ್ಜಿ, ಈ ಮಗು ಯಾರು?"

"ನಮ್ಮ ತಂಗಿ ಮೊಮ್ಮಗಳು ಕಣಮ್ಮ. ಹಬ್ಬಕ್ಕೆ ಬಂದೈತೆ, ನಾಳೆ ಹೋಯ್ತದೆ."

ಪುಟ್ಟಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಆಗ ಆರು ವರ್ಷ. ಕಾಲು ಸೋತಿತ್ತು, ಕಿವಿ ಚೆನ್ನಾಗಿಯೇ ಇತ್ತು.

ನಿನ್ನ ಮಗಳು ನಿತ್ಯಳಿಗೂ ಅದೇ ತೊಂದರೆ. ವ್ಯಾಯಾಮ ಮಾಡಿಸುವವರನ್ನು ಸರ್ಕಾರ ವಾರಕ್ಕೆರಡು ದಿನ ನಮ್ಮೂರಿಗೇ ಕಳಿಸಲಿ ಎಂದು ನೀನು ಅರ್ಜಿ ಬರೆಸಿದೆ. ಅದಕ್ಕೆ ನಾನೂ ಸೊಟ್ಟ ಸಹಿ ಹಾಕಿಕೊಟ್ಟೆ — ನಾಚಿಕೆಯಿಲ್ಲದೆ. ಅರ್ಜಿ ಏನಾಯಿತೆಂದು ಕೇಳಲು ಅರಸೀಕೆರೆ ಆಫೀಸಿಗೆ ಹೋಗಿ ಬಂದವಳೇ ನೀನು ನಮ್ಮ ಜಗಲಿಯ ಮೇಲೆ ಕುಸಿದು ಕೂತೆ.

"ಮಕ್ಕಳು ಸಾಲದಂತೆ ದೊಡ್ಡಮ್ಮ. ಪಟ್ಟೀಲಿ ಇನ್ನೊಂದು ಮಗು ಇದ್ದಿದ್ರೂ ಕಳಿಸ್ತಿದ್ರಂತೆ. ನಮ್ಮೆರಡು ಸೇರಿನೂ ಸಾಲದಾ?"

ನಮ್ಮೆರಡು ಎಂದೆ ನೀನು. ಪುಟ್ಟಿಯೂ ಪಟ್ಟಿಯಲ್ಲಿದ್ದಾಳೆ ಎಂದೇ ನಂಬಿದ್ದೆ. ಬಾಯಿ ಬಿಡಬೇಕಾಗಿದ್ದು ಆಗ. ನಾನು ಹೇಳಿದ್ದು — "ಸರ್ಕಾರ ಅಂದ್ರೆ ಹಂಗೇ ಕಣೇ. ಕಾಫಿ ಕುಡಿ."

ಆಮೇಲೆ ನೀನು ನಿತ್ಯಳನ್ನು ಸೊಂಟದ ಮೇಲೆ ಹೊತ್ತು ವ್ಯಾಯಾಮಕ್ಕೆಂದು ಬಸ್ಸಿನಲ್ಲಿ ಅರಸೀಕೆರೆಗೆ ಓಡಾಡಿದೆ. ಮಗು ಬೆಳೆದು ಭಾರವಾಯಿತು, ನಿನ್ನ ಬೆನ್ನು ಸೋತಿತು, ಓಡಾಟ ನಿಂತಿತು. ಈಗ ಅವಳ ಮಂಡಿ ಮಡಿಸಿದಂತೆಯೇ ಬಿಗಿದುಕೊಂಡಿದೆ. ಪುಟ್ಟಿಯದೂ ಹಾಗೇ. ನಾನು ಇಬ್ಬರ ಕಾಲನ್ನೂ —

ಸುಮಳ ಮದುವೆಯೇನೋ ಆಯಿತು. ಅವಳು ಬಾಣಂತನಕ್ಕೆ ಬಂದಾಗ, ನೋಡಲು ಬಂದ ಅವಳ ಅತ್ತೆ ಪುಟ್ಟಿಗೆ ಅನ್ನ ಕಲಸಿ ತಿನ್ನಿಸುತ್ತಾ, "ಇವಳ ವಿಷ್ಯ ನಮಗೆ ಮೊದಲೇ ಗೊತ್ತಿತ್ತು ಬಿಡಿ. ನಾವು ಕೇಳಿದ್ದು ಸುಮನ್ನ ತಾನೆ?" ಎಂದರು. ಅವತ್ತಿನಿಂದ ನನಗೆ ಏನೂ ತಿಳಿಯುತ್ತಿಲ್ಲ. ಗೊತ್ತಿದ್ದವರಿಂದ ನಾನು ಏನನ್ನು ಬಚ್ಚಿಟ್ಟೆ? ಯಾರಿಗೋಸ್ಕರ? ಅವರಿಗೆ ಗೊತ್ತಿಲ್ಲದೆ ಇದ್ದಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ಯೋಚಿಸಿದಷ್ಟೂ ತಲೆ ಗೋಜಲಾಗುತ್ತದೆ.

ಮೊನ್ನೆ ಗ್ರಾಮಸಭೆಗೆ ಪುಟ್ಟಿಯನ್ನು ಎತ್ತಿಸಿಕೊಂಡು ಬಂದೆ. ವ್ಯಾಯಾಮ ಮಾಡಿಸುವವರು ಊರಿಗೇ ಬರಬೇಕು, ಅವರ ಸಂಬಳ ಸರ್ಕಾರವೇ ಕೊಡಬೇಕು, ಯಾರೋ ಪುಣ್ಯಾತ್ಮರು ದುಡ್ಡು ಕೊಟ್ಟಾಗ ಬಂದು, ಕೊಡದಿದ್ದಾಗ ನಿಲ್ಲುವ ಕೆಲಸ ಇದಲ್ಲ ಎಂದೆ. "ಹೋದ ಸಲ ಯಾಕಜ್ಜಿ ಬರೆಸಲಿಲ್ಲ?" ಎಂದು ಕಾರ್ಯದರ್ಶಿ ಕೇಳಿದರು. "ಸುಳ್ಳು ಹೇಳಿದ್ದೆ" ಎಂದೆ. ನೀನು ನಿತ್ಯಳನ್ನು ಎತ್ತಿಕೊಂಡು ಹೊರಟುಹೋದೆ.

ಗ್ರಾಮಸಭೆಯಲ್ಲಿ ಬರೆಸಿದ ಹೊಸ ಅರ್ಜಿಯಲ್ಲಿ ನನ್ನ ಹೆಸರಿನ ಕೆಳಗೆ ಸಹಿ ಹಾಕುವುದಿಲ್ಲ ಎಂದೆಯಂತೆ. ಹಾಕಬೇಡ. ನನ್ನ ಹೆಸರಿನ ಮೇಲೆ ಗೀಟು ಎಳೆದು ಪುಟ್ಟಿಯ ತಾಯಿಯ ಸಹಿ ಹಾಕಿಸಿ, ಆಮೇಲೆ ನೀನು ಹಾಕು. ನನ್ನ ಜೊತೆ ಮಾತು ಬಿಟ್ಟರೂ ಬಿಡು. ಸೋಮವಾರ ಕೊನೇ ದಿನ, ಅಷ್ಟರೊಳಗೆ ಅರ್ಜಿ ಅರಸೀಕೆರೆ ಮುಟ್ಟಲಿ.