ಎದುರುಮನೆಯಕ್ಕ ಕೊಲಂಬೋಗೆ ಹೊರಟ ದಿನ

ಎಳ್ಳು ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಚಿನ್ನದ ಗಣಿಯ ಊರು ಕೋರಮಂಡಲ್‌ನ ಆ ಬೆಳಿಗ್ಗೆ ನೆನಪಾಗುತ್ತದೆ. ಎಂದಿನಂತೆ ಗಣಿಯ ಸೈರನ್ ಕೂಗುವ ಮೊದಲೇ ಎದ್ದಿದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಒಲೆ ಹೊತ್ತಿಸಿ, ಅತ್ತೆಗೆ ಕಾಫಿ ಕೊಟ್ಟೆ. ಆಮೇಲೆ ಪುಳಿಯೋಗರೆಗೆ ಎಳ್ಳು ಹುರಿಯಲು ಕೂತೆ. ಬುತ್ತಿ ನಮ್ಮ ಮನೆಯವರಿಗಲ್ಲ, ಎದುರುಮನೆಯಕ್ಕನಿಗೆ. ಅವಳು ಅಂದು ಗಂಡನ ಜೊತೆ ಕೊಲಂಬೋಗೆ ಹೊರಟಿದ್ದಳು. ಮದರಾಸಿನವರೆಗೆ ರೈಲು, ಅಲ್ಲಿಂದ ವಿಮಾನ!

ಎರಡನೇ ಮಹಾಯುದ್ಧ ಮುಗಿದ ಹೊಸತು. ಆ ಕೊಲಂಬೋ ಕೆಲಸಕ್ಕೆ ಗಣಿ ಆಫೀಸಿನ ದೊರೆ ಮೊದಲು ಕೇಳಿದ್ದು ನಮ್ಮವರನ್ನೇ. "ಸಮುದ್ರ ದಾಟೋದಾದ್ರೆ ನನ್ನ ಹೆಣ ದಾಟ್ಕೊಂಡು ಹೋಗು" ಅಂದುಬಿಟ್ಟರು ಅತ್ತೆ. ಇವರು ಮಾರನೆಯ ದಿನವೇ ಆಗುವುದಿಲ್ಲವೆಂದು ಹೇಳಿ ಬಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೆಲಸ ಎದುರುಮನೆಗೆ ಹೋಯಿತು.

ಕಾನ್ವೆಂಟಿನಲ್ಲಿ ಓದುವಾಗ ಸಿಲೋನಿನ ನಕ್ಷೆಯನ್ನು ನಾನು ನೋಡದೇ ಬರೆಯುತ್ತಿದ್ದೆ. ಅಕ್ಕ ಬೂದಿಕೋಟೆ ಕಡೆಯ ರೈತರ ಮಗಳು. ಕೊಲಂಬೋ ಯಾವ ದಿಕ್ಕಿಗಿದೆ ಎಂದೂ ಅವಳಿಗೆ ತಿಳಿಯದು. ದಿನಾ ಮಧ್ಯಾಹ್ನ ಬಂದು "ನೀರು ಬೇಕಂದ್ರೆ ಇಂಗ್ಲೀಷಿನಾಗೆ ಏನಂತ ಕೇಳ್ಬೇಕೇ?" ಎನ್ನುತ್ತಿದ್ದಳು. ನಾನು ಕಲಿಸುತ್ತಿದ್ದೆ. ನನ್ನ ಇಂಗ್ಲಿಷು ಕೊಲಂಬೋಗೆ ಹೋಗುತ್ತಿತ್ತು, ನಾನು ಮಾತ್ರ ಇಲ್ಲೇ…

ವಿಮಾನದವರು ಸಾಮಾನಿನ ಜೊತೆಗೆ ಮನುಷ್ಯರನ್ನೂ ತೂಗುತ್ತಾರೆಂದು ಅವಳ ಗಂಡ ಹೇಳಿದ್ದೇ ತಡ, ಅಕ್ಕ ಅಕ್ಕಿ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಕಾಲು ಮಡಚಿ ಕೂತು ತೂಗಿಸಿಕೊಂಡು ಬಂದಳು. "ಮೂಟೆಗಿಂತ ಜಾಸ್ತಿ ಅವ್ಳೆ ಅಂತ ಆ ಶೆಟ್ಟಿ ನಗ್ತಾನಲ್ಲೇ!" ಎಂದು ತಾನೂ ನಕ್ಕಳು. ಭಾರವಾದದ್ದೆಲ್ಲ ಊರಲ್ಲೇ ಉಳಿಯಿತು. ಬೀಸುವ ಕಲ್ಲನ್ನು ನಮ್ಮ ಮನೆಗೆ ಹೊರಿಸಿ ಕಳಿಸಿದಳು. ಅವಳ ಬೀಸುವ ಕಲ್ಲು ನನಗೆ, ನನ್ನ ಕೊಲಂಬೋ ಅವಳಿಗೆ.

ಹೊರಡುವಾಗ ಮುತ್ತೈದೆ ತುಂಬಿದ ಕೊಡ ಹಿಡಿದು ಎದುರಿಗೆ ಬರಬೇಕಲ್ಲ, ಆ ಶಕುನಕ್ಕೂ ಅಕ್ಕ ನನ್ನನ್ನೇ ಹಟ ಹಿಡಿದು ಕೇಳಿದ್ದಳು. "ನಿನ್ನ ಮುಖ ನೋಡ್ಕೊಂಡೇ ಓಗ್ಬೇಕು ನಾನು." ನಲ್ಲಿಯ ಹತ್ತಿರ ಕೊಡ ತುಂಬಿಸಿಕೊಂಡು ಕಾದು ನಿಂತೆ. ಅವರು ಹೊರಬಂದರು. ಅಕ್ಕ ಕಾಲಿಗೆ ಹೊಸ ಚಪ್ಪಲಿ ಹಾಕಿದ್ದಳು, ಹೆಜ್ಜೆ ಇನ್ನೂ ಒಗ್ಗಿರಲಿಲ್ಲ. ಅವರೆಲ್ಲ ಸ್ಟೇಷನ್ನಿನ ಕಡೆ, ನಾನೊಬ್ಬಳು ಮನೆಯ ಕಡೆ. ನಗಬೇಕಿತ್ತು, ನಕ್ಕೆ. ಕೊಡದ ನೀರು ತುಳುಕಿ ಸೀರೆಯೆಲ್ಲ ಒದ್ದೆಯಾಯಿತು.

ಕೊಡ ಇಳಿಸಿ, ಸೀರೆ ಬದಲಾಯಿಸಿ, ಬುತ್ತಿ ಹಿಡಿದು, ಸ್ಟೇಷನ್ನಿನಲ್ಲಿ ಅವರನ್ನು ಸೇರಿಕೊಂಡು ನಾನೂ ಇವರೂ ಬಂಗಾರಪೇಟೆಯವರೆಗೆ ಕಳಿಸಲು ಹೋದೆವು. ಮದರಾಸಿನ ರೈಲಿಗೆ ಕಾಯುವಾಗ ಅಕ್ಕ ನನ್ನ ಕೈ ಬಿಡಲೇ ಇಲ್ಲ.

"ನಂಗೆ ಭಯ ಕಣೇ. ಕಿಟಕಿ ಪಕ್ಕಾನೇ ಕೂರಿಸ್ತಾರಂತೆ. ಕೆಳಗೆ ಬರೀ ಸಮುದ್ರವಂತೆ. ನೀನಾಗಿದ್ರೆ ನಗ್ತಾ ಓಗ್ತಿದ್ದೆ."

ನಮ್ಮವರನ್ನು ಮೊದಲು ಕೇಳಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ. ಇವರು ದೂರದ ಸಿಗ್ನಲ್ ಕಂಬ ನೋಡುತ್ತ ನಿಂತರು.

"ಕಣ್ಣು ಮುಚ್ಕೊಂಡು ಕೂತ್ಕೊ ಅಕ್ಕ. ಕೊಲಂಬೋ ಬೇಗ ಬಂದುಬಿಡುತ್ತೆ" ಅಂದೆ. ಕಣ್ಣು ಮುಚ್ಚಿಕೊಳ್ಳುವವಳಿಗೆ ಆ ಕಿಟಕಿ ಯಾಕಪ್ಪಾ ದೇವರೇ ಎಂದು ಒಳಗೆ ಕುದಿಯಿತು. ರೈಲು ಹೊರಟಾಗ ಅವಳು ಅಳುತ್ತಿದ್ದಳು. ನನಗೂ ಅಳು ಬಂತು. ಎಲ್ಲರೂ ಅದು ಅವಳಿಗಾಗಿ ಅಂದುಕೊಂಡರು…

ಅಕ್ಕ ಮತ್ತೆ ಈ ಕಡೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವಳ ತಮ್ಮ ಬಂಗಾರಪೇಟೆ ಸಂತೆಯಲ್ಲಿ ಸಿಕ್ಕಿ, ಜ್ವರ ಬಂದು ಕೊಲಂಬೋದಲ್ಲೇ ತೀರಿಕೊಂಡಳು ಎಂದ. ಕಣ್ಣು ಬಿಟ್ಟು ಸಮುದ್ರ ನೋಡಿದಳೋ ಇಲ್ಲವೋ, ಕೇಳುವುದಕ್ಕೆ ಅವಳಿಲ್ಲ. ನಾನು ಇಂದಿಗೂ ವಿಮಾನ ಹತ್ತಿಲ್ಲ. ಹೊಟ್ಟೆಕಿಚ್ಚೇನೋ ಹಾಗೇ ಇದೆ, ಅದನ್ನು ಪಡುವುದಕ್ಕೆ ಎದುರುಮನೆಯಲ್ಲಿ ಯಾರೂ ಇಲ್ಲ. ಅದೂ ಒಂದು ನಷ್ಟವೆಂದು ಇಷ್ಟು ವಯಸ್ಸಾದ ಮೇಲೆ ತಿಳಿಯುತ್ತಿದೆ.

ಅಕ್ಕನನ್ನು ರೈಲು ಹತ್ತಿಸಿ ಅಂದು ಸಂಜೆ ನಾವು ಹಿಂತಿರುಗುವಾಗ ಪಕ್ಕದ ಮನೆಯ ಅಜ್ಜಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಹತ್ತಿರದ ಹಳ್ಳಿ ಕಾಮಸಮುದ್ರದಲ್ಲಿದ್ದ ಮಗಳ ಬಾಣಂತನಕ್ಕೆಂದು ಹೋದವರು ಅದೇ ತಾನೇ ಬಂದಿದ್ದರು. ನಮ್ಮ ಮನೆಗಳ ಸಾಲಿನಿಂದ ಯಾರೋ ಸಿಲೋನಿಗೆ ಹೋದರೆಂದಷ್ಟೇ ಅವರ ಕಿವಿಗೆ ಬಿದ್ದಿತ್ತು. ನನ್ನನ್ನು ನೋಡಿ ಒಂದು ಗಳಿಗೆ ಕೈ ನಿಲ್ಲಿಸಿದರು.

"ಇದೇನಮ್ಮಾ, ನೀನಿಲ್ಲೇ ಇದ್ದೀಯಾ? ಇಂಗ್ಲೀಷು ಬರೋಳು ನೀನೇ ಅಲ್ವಾ… ನೀನೇ ಒಂಟೋದೆ ಅಂದ್ಕಂಡಿದ್ನಲ್ಲಾ!"