ಮುರುಡೇಶ್ವರದಲ್ಲಿ ಖಡಕ್ ರೊಟ್ಟಿ

ಯರಗಟ್ಟಿಯ ಮಹಾಂತಪ್ಪ ಸಮುದ್ರದ ದಂಡೆಗೆ ಬಂದು ವರ್ಷವಾಗುತ್ತ ಬಂದಿತ್ತು. ಆದರೆ ಸಮುದ್ರವನ್ನು ಅವನು ನೆಟ್ಟಗೆ ನೋಡಿದ್ದು ಕಡಿಮೆ. ಅವನ ಕಣ್ಣೆಲ್ಲ ರೊಟ್ಟಿ ಬುಟ್ಟಿಯ ಮೇಲೆ.

ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಖಾನಾವಳಿ ಇತ್ತು. ಹೆಂಡತಿ ರಾಚವ್ವ ರೊಟ್ಟಿ ಬಡಿಯುವುದು, ಇವನು ಬಡಿಸುವುದು. ಒಮ್ಮೆ ಊರ ಮಂದಿಯ ಜೊತೆ ಮುರುಡೇಶ್ವರಕ್ಕೆ ಬಂದಾಗ ಇವನ ತಲೆಯೊಳಗೆ ಹುಳ ಹೊಕ್ಕಿತು. ನಮ್ಮ ಕಡೆಯವರು ಸಮುದ್ರ ನೋಡುವ ಪರಿಯನ್ನು ನೀವು ಬಲ್ಲಿರಿ. ಶಿವನಿಗೆ ಕೈಮುಗಿದು, ಧೋತರ ಮೊಣಕಾಲಿಗೆ ಏರಿಸಿ, ಒಂದೇ ತೆರೆಗೆ ಕಾಲು ಕೊಟ್ಟು, ತಕ್ಷಣ ನೀರಿಗೆ ಬೆನ್ನು ತಿರುಗಿಸಿ ಊಟ ಎಲ್ಲಿ ಎಂದು ಕೇಳುತ್ತೇವೆ. ಅಂದು ಕೇಳಿದಲ್ಲೆಲ್ಲ ಮೀನು ಹುರಿಯುವ ವಾಸನೆ, ದಪ್ಪ ಕೆಂಪು ಅನ್ನ. ಎದೆಯ ಮೇಲೆ ಲಿಂಗ ಕಟ್ಟಿಕೊಂಡ ಮಂದಿ ಬಾಳೆಹಣ್ಣು ತಿಂದು ಬಸ್ ಹತ್ತಿದರು. ಇಲ್ಲಿ ಒಂದು ರೊಟ್ಟಿ ಖಾನಾವಳಿ ಹಾಕಿದರೆ ಹೇಗೆ ಎಂದು ಮಹಾಂತಪ್ಪ ಬಸ್ಸಿನಲ್ಲಿ ಊರು ಮುಟ್ಟುವತನಕ ಕಾಲು ಕುಣಿಸುತ್ತ ಕುಳಿತಿದ್ದ.

ಕಡೆಗೆ ಮುರುಡೇಶ್ವರದಲ್ಲಿ ಮೀನುಗಾರರ ಮಾದೇವಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದ. ರಾಚವ್ವ ಊರಲ್ಲಿ ಬಡಿದ ಖಡಕ್ ರೊಟ್ಟಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವುದು, ಇವನು ಪಲ್ಯ, ಝುಣಕ ಮಾಡಿ ಬಡಿಸುವುದು. ಯೋಜನೆಯಲ್ಲಿ ತಪ್ಪೇನಿರಲಿಲ್ಲ, ಸಮುದ್ರದ ಹಸಿ ಗಾಳಿಯೊಂದನ್ನು ಬಿಟ್ಟರೆ.

ಯರಗಟ್ಟಿಯಲ್ಲಿ ತಿಂಗಳಿಟ್ಟರೂ ಆ ರೊಟ್ಟಿ ಮುರಿದರೆ ಪಕ್ಕದ ಮನೆಗೆ ಸಪ್ಪಳ ಕೇಳುತ್ತದೆ. ಇಲ್ಲಿ ಎರಡನೇ ದಿನಕ್ಕೇ ಅದನ್ನು ಹಸಿ ಟಾವೆಲ್ಲಿನಂತೆ ಮಡಚಬಹುದಿತ್ತು. ಡಬ್ಬಿಯಲ್ಲಿಟ್ಟ, ಒಲೆಯ ಮೇಲೆ ತೂಗುಹಾಕಿದ, ಕಡೆಗೆ ತಾನು ಹೊದೆಯುವ ಚಾದರ ಸುತ್ತಿ ಮಲಗಿಸಿದ. ಮತ್ತೆ ಮತ್ತೆ ಎದ್ದು ಹೋಗಿ, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ ರೊಟ್ಟಿ ಮುಟ್ಟುವನು. ಒಬ್ಬ ಗಿರಾಕಿಯಂತೂ ಬಹಳ ಮರ್ಯಾದೆಯಿಂದ, “ಚಪಾತಿ ಚಲೋ ಅದಾವ್ರಿ” ಎಂದು ಹೇಳಿ ಹೋದ.

ಅಷ್ಟರಲ್ಲಿ ರಾಚವ್ವನ ಫೋನ್ ಬಂತು.

“ಐತವಾರ ಓಣಿ ಹೆಣಮಕ್ಕಳೆಲ್ಲಾ ಗಾಡಿ ಮಾಡಕೊಂಡು ಬರಾಕ ಹತ್ತೇವಿ. ನಿಮ್ಮ ಅಂಗಡಿ ನೋಡತೇನಿ. ನಡಿಯೂ ಹಂಗಿದ್ರ ಈ ಮನಿಗೆ ಕೀಲಿ ಹಾಕಿ ನಾನೂ ಅಲ್ಲಿಗೇ ಬರತೇನಿ. ಇಲ್ಲಂದ್ರ ನೀವು ಅಂಗಡಿಗೆ ಕೀಲಿ ಹಾಕಿ ನಮ್ಮ ಗಾಡಿ ಹತ್ರಿ. ಎರಡೂರಾಗ ಒಲಿ ಹಚ್ಚೂದು ಸಾಕಾಗೈತಿ ನನಗ.”

“ಆತು, ಬರ್ರಿ. ಯಾರೂ ಬುತ್ತಿ ಕಟ್ಟಬ್ಯಾಡ್ರಿ. ಊಟ ನಂದು.”

“ಚನ್ನವ್ವಕ್ಕಾರು ಬುತ್ತಿ ಬಿಟ್ಟು ಓಣಿ ಸೈತ ದಾಟೂದಿಲ್ಲ.”

“ಕಟ್ಟಬ್ಯಾಡ್ರಿ ಅಂತ ಹೇಳು” ಎಂದ ಮಹಾಂತಪ್ಪ, ಆಡಿದ ಮೇಲೆ ಬೆವೆತ.

ಬೆವರಲು ಕಾರಣವಿತ್ತು. ಆ ವಾರ ಅಕಾಲದಲ್ಲಿ ಮಳೆ ಹಿಡಿದಿತ್ತು. ಶನಿವಾರ ಬುಟ್ಟಿ ತೆಗೆದರೆ ರೊಟ್ಟಿಗಳೆಲ್ಲ ಒಂದಕ್ಕೊಂದು ತಬ್ಬಿಕೊಂಡಿದ್ದವು. ಅವನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುವುದನ್ನು ನೋಡಿ ಮಾದೇವಿಗೆ ಕನಿಕರವಾಯಿತು.

“ಎಂತಕ್ಕೆ ಇಷ್ಟು ತಲೆಬಿಸಿ ಮಾಂತಪ್ಪಣ್ಣ? ಮಳೆ ಹೋಯ್ತಲ್ಲ, ಬಿಸಿಲು ಬಿದ್ದದೆ. ನಮ್ಮ ಚಪ್ಪರ ಖಾಲಿ ಅದೆ, ಹಾಸಿಬಿಡಿ.”

ಅದು ಮೀನು ಒಣಗಿಸುವ ಚಪ್ಪರ. ಮಹಾಂತಪ್ಪನ ಕೈ ಎದೆಯ ಲಿಂಗಕ್ಕೆ ಹೋಯಿತು.

“ಮಳೆ ಬಂದಾಗಿಂದ ಮೀನು ಹಾಕ್ಲೇ ಇಲ್ಲ ಮಾರಾಯ್ರೆ. ನಾನೇ ತಿಕ್ಕಿ ತೊಳೆದಿದ್ದೆ.”

ಅವನು ಅದರ ಮೇಲೆ ಒಗೆದ ಧೋತರ ಹಾಸಿ, ಧೋತರದ ಮೇಲೆ ರೊಟ್ಟಿ ಹಾಸಿದ. ಸಂಜೆಗೆ ರೊಟ್ಟಿಗಳು ಗರಿಗರಿ. ಒಂದನ್ನು ಮುರಿದು ಸಪ್ಪಳ ಕೇಳಿದ; ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೂಗಿಗೆ ಏನೋ ತಾಗಿದಂತಾಯಿತು. ಸಮುದ್ರದ ಗಾಳಿ ಎಂದು ಮೂಗಿಗೆ ಸಮಾಧಾನ ಹೇಳಿದ.

ಐತವಾರ ಹೆಂಗಸರು ಬಂದರು, ದೇವರಿಗೆ ಹೋದರು, ತೆರೆಗೆ ಕಾಲು ಕೊಟ್ಟರು, ಹಸಿದು ಬಂದು ಸಾಲಾಗಿ ಕುಳಿತರು. ಮಹಾಂತಪ್ಪ ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಬಡಿಸಿದ. ಓಣಿಗೆಲ್ಲ ಹಿರಿಯಳಾದ ಚನ್ನವ್ವ ರೊಟ್ಟಿ ಎತ್ತಿ ಮುರಿದಳು. ಟಪ್ ಎಂದಿತು. ರಾಚವ್ವನ ಮುಖ ಅರಳಿತು.

ಆಗಲೇ ಮಾದೇವಿಯ ಬೆಕ್ಕು ಒಳಗೆ ಬಂತು.

ವರ್ಷವಿಡೀ ಈ ಖಾನಾವಳಿಯ ಕಡೆ ಮುಖ ಹಾಕದ ಬೆಕ್ಕು ಅದು. ಈಗ ನೆಟ್ಟಗೆ ರೊಟ್ಟಿ ಬುಟ್ಟಿಗೆ ಮೈ ತಿಕ್ಕಿ, ಮಿಯಾಂವ್ ಎಂದು ಮಹಾಂತಪ್ಪನ ಮುಖ ನೋಡಿತು. ಅವನು ಓಡಿಸಿದ. ಅದು ಇನ್ನೊಂದು ಬೆಕ್ಕನ್ನು ಕರೆದುಕೊಂಡು ಬಂತು.

ಚನ್ನವ್ವನ ತುತ್ತು ಬಾಯಿಯ ಹತ್ತಿರ ನಿಂತಿತು. “ಮಾಂತಪ್ಪಾ, ಈ ಊರಾಗ ಬೆಕ್ಕು ಜ್ವಾಳದ ರೊಟ್ಟಿ ತಿಂತಾವೇನೋ?”

ಸಮುದ್ರದ ಕಡೆಯ ಬೆಕ್ಕು, ಎಲ್ಲಾ ತಿನ್ನುತ್ತದೆ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಹಸಿದ ಅಷ್ಟೂ ಬಾಯಿಗಳು, ಅಷ್ಟೂ ಲಿಂಗಗಳು ಅವನನ್ನೇ ನೋಡುತ್ತಿದ್ದವು. ಬಗ್ಗಿ ಚನ್ನವ್ವನ ಕೈಯೊಳಗಿನ ತುತ್ತು ಕಸಿದುಕೊಂಡ.

“ತಿನಬ್ಯಾಡ್ರಿ ಅಕ್ಕಾರ. ಯಾರೂ ತಿನಬ್ಯಾಡ್ರಿ. ಮೆತ್ತಗಾಗಿದ್ವು... ಮೀನ ಒಣಗಸೂ ಚಪ್ಪರದ ಮ್ಯಾಲ ಹಾಕಿದ್ದೆ.”

ಹೌದೆನ್ನುವಂತೆ ಬೆಕ್ಕು ಇನ್ನೊಮ್ಮೆ ಮಿಯಾಂವ್ ಎಂದಿತು.

“ಬುತ್ತಿ ಕಟ್ಟತೇನಿ ಅಂದೆ, ಯಾರ ಕೇಳಿದ್ರಿ?” ಎಂದಳು ಚನ್ನವ್ವ. “ಇನ್ನ ಆ ಬೆಕ್ಕಿನ ಜೋಡಿನ ಪಂಕ್ತಿಗೆ ಕುಂಡ್ರಬೇಕು ನಾವು.”

ಯಾರೋ ಕಿಸಕ್ಕನೆ ನಕ್ಕರು. ರಾಚವ್ವ ನಗಲಿಲ್ಲ. ಎದ್ದು ಸೆರಗು ಸಿಗಿಸಿದಳು.

“ಹಿಟ್ಟು ಐತೇನ್ರಿ?”

“ಅಂಬಲಿಗಂತ ತಂದದ್ದು ಐತಿ.”

“ಹಂಚು?”

“ದ್ವಾಸಿದು.”

“ಅದ ಸಾಕು. ನೀರ ಕಾಸ್ರಿ.”

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಅಂಗಳದಾಚೆಗೂ ಕೇಳಿತು. ಬಿಸಿರೊಟ್ಟಿ ಒಂದೊಂದಾಗಿ ಸಾಲಿನ ಉದ್ದಕ್ಕೂ ಹೋಗತೊಡಗಿತು. ಬಾಗಿಲಲ್ಲಿ ಮಾದೇವಿ ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದಳು. “ನಾನು ಒಳ್ಳೇದಕ್ಕೇ ಹೇಳಿದ್ದು ಅಕ್ಕ.”

“ನಿಂದೇನ ತಪ್ಪೈತಿ ತಂಗಿ. ಬಿಸಿರೊಟ್ಟಿ ಬಡಿಯೂದ ಬಿಟ್ಟು ನೀರಿನ ದಂಡಿಗೆ ಖಡಕ್ ರೊಟ್ಟಿ ಹೊತಗೊಂಡು ಬಂದ ಶಾಣ್ಯಾ ನಮ್ಮವರು. ನಾನೂ ಕಳಿಸಿದೆನಲ್ಲ, ನಾನೂ ಶಾಣ್ಯಾಕಿನ.”

ಮಹಾಂತಪ್ಪನಿಗೆ ಇದು ಹೊಳೆದೇ ಇರಲಿಲ್ಲವೆಂದಲ್ಲ. ಆದರೆ ಜೀವಮಾನವೆಲ್ಲ ಖಾನಾವಳಿ ನಡೆಸಿದ ಅವನಿಗೆ ಒಂದು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಿರಲೂ ಇಲ್ಲ.

ಗಾಡಿಯ ಹಾರ್ನ್ ಕೇಳಿಸಿತು. ಅವನು ಹೋಗಿ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದ. ಗಾಡಿಯ ಬಾಗಿಲಲ್ಲಿ ರಾಚವ್ವ ಸೊಂಟದಲ್ಲಿದ್ದ ಊರ ಮನೆಯ ಕೀಲಿಕೈ ತೆಗೆದು ಚನ್ನವ್ವನ ಕೈಗಿಟ್ಟಳು.

“ಎಮ್ಮಿ ನೋಡಕೊಳ್ರಿ ಅಕ್ಕಾರ.”

“ಎಷ್ಟ ದಿನಾ?”

“ಇವರ ಕೈಯಾಗ ರೊಟ್ಟಿ ದುಂಡಗ ಬರೂಮಟಾ.”

“ಹಂಗಾರ ಎಮ್ಮಿ ನಂದ ಅನ್ನು” ಎಂದಳು ಚನ್ನವ್ವ, ಗಾಡಿ ಹೊರಟಿತು.

ಮಹಾಂತಪ್ಪ ಚೀಲ ಹಿಡಿದುಕೊಂಡೇ ನಿಂತಿದ್ದ. ಖುಷಿಪಡಬೇಕೋ ಅಂಜಬೇಕೋ ತಿಳಿಯದೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ರಾಚವ್ವ ನೀರಿನ ಕಡೆ ನೋಡುತ್ತಿದ್ದಳು.

“ಇದು ರಾತ್ರಿನೂ ಹಿಂಗ ಒದರತೈತೇನು?”

“ಒದರತೈತಿ.”

“ನಿಮಗ ನಿದ್ದಿ ಹೆಂಗ ಬರತೈತಿ?”

“ಇನ್ನೂ ಬಂದಿಲ್ಲ.”

“ಚಲೋ ಆತು. ಹಿಟ್ಟ ನಾದೂದು ಇವತ್ತ ಸುರು ಮಾಡೂಣು” ಎಂದು ಅವಳು ಒಳಗೆ ಹೋದಳು.