ಮಗಳು ತೆಗೆಯದ ಚಿಲಕ

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಅನ್ನಲಿ. ನನ್ನ ಮಗಳ ವಿಷಯ ಬಂದರೆ ನಾನು ಕೊಚ್ಚಿಕೊಳ್ಳುವವಳೇ. ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ನಾನು ಊಟದ ಡಬ್ಬಿ ತೆಗೆದ ಕೂಡಲೇ "ಶುರುವಾಯ್ತು ನೋಡ್ರೇ ಇವಳ ಮಗಳ ಪುರಾಣ" ಅಂತ ನಗುತ್ತಾರೆ. ಇಲ್ಲಿ ತಡೆಯುವವರು ಯಾರೂ ಇಲ್ಲ, ಹಾಗಾಗಿ ಪೂರ್ತಿ ಹೇಳುತ್ತೇನೆ.

ಅವಳಿಗೆ ಆಗ ಹನ್ನೊಂದು ವರ್ಷ. ನಾವಿರುವುದು ತುಮಕೂರಿನ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ. ಯಜಮಾನರು ವಸಂತನರಸಾಪುರದ ಫ್ಯಾಕ್ಟರಿಗೆ ಶಿಫ್ಟ್ ಮೇಲೆ ಹೋಗುತ್ತಾರೆ, ನಾನು ಸತ್ಯಮಂಗಲದ ಯೂನಿಟ್ಟಿಗೆ. ಆ ವರ್ಷ ನನ್ನ ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಪದ್ಧತಿಯಂತೆ ಗುಬ್ಬಿಯ ತವರಿಗೆ ಹೋಗಬೇಕಿತ್ತು. ಆದರೆ ಬಿಪಿ ಜಾಸ್ತಿ ಇದೆ, ಆಸ್ಪತ್ರೆಗೆ ಹತ್ತಿರ ಇರಿ ಅಂತ ಡಾಕ್ಟರಮ್ಮ ಹೇಳಿದ್ದರಿಂದ ನಮ್ಮ ಮನೆಗೇ ಕರೆತಂದೆವು. ನನ್ನ ಮಗಳಿಗಂತೂ ಹಬ್ಬ. ಸ್ಕೂಲಿಂದ ಬಂದವಳೇ ಬ್ಯಾಗ್ ಎಸೆದು ಚಿಕ್ಕಮ್ಮನ ಹೊಟ್ಟೆಗೆ ಕಿವಿ ಇಟ್ಟು ಕೂತರೆ, ಅವಳನ್ನು ಊಟಕ್ಕೆ ಎಬ್ಬಿಸಲು ನಾನು ಕೂಗಾಡಬೇಕಿತ್ತು.

ತಂಗಿಗೆ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು. ಆ ವಾರವೇ ಮಗಳ ಬೆನ್ನಿನ ಮೇಲೆ ನೀರುಗುಳ್ಳೆಗಳು ಎದ್ದವು. ಚಿಕನ್ ಪಾಕ್ಸ್. ಅವಳ ಕ್ಲಾಸಿನಲ್ಲಿ ಆಗಲೇ ನಾಲ್ಕಾರು ಮಕ್ಕಳಿಗೆ ಆಗಿತ್ತಂತೆ. ಗುಬ್ಬಿಗೆ ಫೋನ್ ಮಾಡಿದರೆ ನಮ್ಮಮ್ಮ ಆ ಹೆಸರನ್ನೇ ಹೇಳಗೊಡಲಿಲ್ಲ. "ಹಂಗನ್ಬಾರ್ದು, ಅಮ್ಮ ಬಂದವ್ಳೆ ಅನ್ನು" ಅಂತ ಆ ಕಡೆ ಕೆನ್ನೆ ಬಡಿದುಕೊಂಡದ್ದು ನನಗೆ ಕೇಳಿಸಿತು.

"ಅದಿರ್ಲಿ, ತಂಗಿಗೆ ಚಿಕ್ಕೋಳಿದ್ದಾಗ ಆಗಿತ್ತಾ?" ಅಂತ ಕೇಳಿದೆ.

"ನಿಂಗಾಗಿತ್ತು. ಅವ್ಳ್ನ ಆವತ್ತೇ ನಿಮ್ಮ ದೊಡ್ಡಮ್ಮನ ಮನೆಗೆ ಸಾಗಹಾಕಿದ್ದೆ. ಅವ್ಳಿಗೆ ಒಂದು ಗುಳ್ಳೆ ಬರಕ್ಕೆ ಬಿಟ್ಟಿಲ್ಲ ನಾನು" ಅಂದಳು ಅಮ್ಮ, ಇವತ್ತಿಗೂ ಅದೇ ಜಂಬದಿಂದ.

ಆ ಜಂಬವೇ ಈಗ ನಮ್ಮ ಕುತ್ತಿಗೆಗೆ ಬಂದಿತ್ತು. ಹೆರಿಗೆ ಹತ್ತಿರವಿರುವಾಗ ತಾಯಿಗೆ ಇದು ಬಂದರೆ ಹುಟ್ಟುವ ಮಗುವಿನ ಜೀವಕ್ಕೇ ಅಪಾಯ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ತಂಗಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮಗಳ ಗುಳ್ಳೆಗಳೆಲ್ಲ ಒಣಗುವ ತನಕ ಇಬ್ಬರೂ ಒಂದೇ ರೂಮಿನ ಗಾಳಿ ಉಸಿರಾಡಬಾರದು ಅಂದರು.

"ಮಗೂನ ಗುಬ್ಬಿಗೆ ಕಳಿಸೋಣ" ಅಂದರು ಯಜಮಾನರು. ಫೋನಿನಲ್ಲಿ ಅಮ್ಮ ಹೌಹಾರಿದಳು. "ಅಮ್ಮ ಬಂದಿರೋ ಮಗೂನ ಹೊಸಲು ದಾಟುಸ್ತೀರೇನೇ?" ಡಾಕ್ಟರಮ್ಮನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಊರಿಗೆಲ್ಲ ಹಂಚಬೇಡಿ ಅಂದರು. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಕೊನೆಗೆ ಗುಬ್ಬಿಯ ಹಸುಗಳನ್ನು ಅಪ್ಪನಿಗೆ ಒಪ್ಪಿಸಿ ಅಮ್ಮನೇ ನಮ್ಮಲ್ಲಿಗೆ ಬಂದಳು.

ಬಾತ್‌ರೂಮ್ ಒಳಗೇ ಇರುವುದು ನಮ್ಮ ರೂಮಿಗೊಂದಕ್ಕೇ. ಅದನ್ನು ಮಗಳಿಗೆ ಬಿಟ್ಟುಕೊಟ್ಟು ನಾವು ಹಾಲಿಗೆ ಚಾಪೆ ಹಾಕಿದೆವು. ಅವಳಿಗೊಂದು ಸ್ಟೀಲ್ ತಟ್ಟೆ, ಒಂದು ಲೋಟ, ಒಂದು ಚಮಚ. ಈ ಹುಡುಗಿ ಚಿಕ್ಕಮ್ಮನನ್ನು ಬಿಟ್ಟು ಎಷ್ಟು ಹೊತ್ತು ಇದ್ದಾಳು ಅಂತ ನಾನು ಹೊರಗಿನಿಂದ ಬೀಗ ಹಾಕಲು ನಿಂತಿದ್ದೆ. ಸುಳ್ಳೇಕೆ ಹೇಳಲಿ, ನನಗೆ ಅವಳ ಮೇಲೆ ಅಷ್ಟೇ ನಂಬಿಕೆ ಇದ್ದದ್ದು. ಅವಳು ಬೀಗ ನೋಡಿ ಮುಖ ಊದಿಸಿಕೊಂಡಳು.

"ಹೊರಗಿಂದ ಬೇಡ ಅಮ್ಮ. ಒಳಗಿಂದ ನಾನೇ ಚಿಲಕ ಹಾಕ್ಕೋತೀನಿ."

ಹಾಗೆಯೇ ಹಾಕಿಕೊಂಡಳು. ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ನಾನೂ ಅಮ್ಮನೂ ಮಾತ್ರ ಒಳಗೆ ಹೋಗಿ ಬರುತ್ತಿದ್ದೆವು. ಬಾಗಿಲು ತಟ್ಟಿದರೆ ಪ್ರತಿ ಸಲವೂ ಒಳಗಿಂದ ಒಂದೇ ಪ್ರಶ್ನೆ: "ಚಿಕ್ಕಮ್ಮ ಎಲ್ಲಿದಾರೆ?" ಆ ಕಡೆ ರೂಮಲ್ಲಿ, ಬಾಗಿಲು ಹಾಕಿಕೊಂಡು ಇದ್ದಾಳೆ ಅಂತ ಹೇಳಿದರೆ ಮಾತ್ರ ಚಿಲಕ ಸರಿಯುತ್ತಿತ್ತು. ಒಮ್ಮೆ ಕೈಯಲ್ಲಿ ಬಿಸಿ ಗಂಜಿ ಹಿಡಿದು ನಿಂತಿದ್ದ ನಾನು "ತೆಗಿಯೇ, ಕೈ ಸುಡ್ತಿದೆ" ಅಂತ ಬೈದರೂ, ಉತ್ತರ ಸಿಗುವ ತನಕ ಅವಳು ಜಗ್ಗಲಿಲ್ಲ.

ಮನೆಯ ಉಳಿದ ರಾಜ್ಯಭಾರವೆಲ್ಲ ಅಮ್ಮನದು. ಬಾಗಿಲಿಗೆ ಬೇವಿನಸೊಪ್ಪು ಬಂತು. ಒಗ್ಗರಣೆ ಬಂದ್. ಯಜಮಾನರು ಎರಡು ದಿನ ತಡೆದು ಮೂರನೇ ದಿನ "ಇದು ಸಾರಾ, ಬಿಸಿನೀರಾ?" ಅಂತ ಕೇಳಿ ಅತ್ತೆಯಿಂದ ಒಂದು ನೋಟ ತಿಂದರು. ಡಾಕ್ಟರ ಮಾತ್ರೆಯೂ ಇರಲಿ, ಬೇವೂ ಇರಲಿ ಅಂತ ನಾನು ಎರಡಕ್ಕೂ ಹೂಂ ಅಂದೆ. ತಂಗಿ ತನ್ನ ರೂಮಿನಿಂದ ಫೋನ್ ಮಾಡುತ್ತಿದ್ದಳು. "ಈಗ ಒದೀತು ನೋಡು ಪುಟ್ಟಿ" ಅಂತ ಫೋನನ್ನೇ ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು. ಈ ಕಡೆ ಗೋಡೆಯ ಹಿಂದೆ ನನ್ನ ಮಗಳು, ನನ್ನ ಫೋನು ಕಿವಿಗಿಟ್ಟುಕೊಂಡು, ಮೈ ತುರಿಕೆ ಮರೆತು ಕೂತಿರುತ್ತಿದ್ದಳು.

ಆರನೆಯ ದಿನ ನಾನು ಕೆಲಸಕ್ಕೆ ಹೋಗಲೇಬೇಕಾಯಿತು, ಫೋನೂ ನನ್ನ ಜೊತೆ ಬಂತು. ಯಜಮಾನರು ಮೊದಲ ಶಿಫ್ಟಿನಲ್ಲಿದ್ದರು. ಮಧ್ಯಾಹ್ನ ಅಮ್ಮ ಮೊಸರನ್ನ ಕಟ್ಟಿಕೊಂಡು, ಮಾರಮ್ಮನಿಗೆ ತಂಪು ಮಾಡಿ ಬರುತ್ತೇನೆ ಅಂತ ಗುಡಿಗೆ ಹೊರಟಳು. ತೋಟದ ಮನೆಯ ಅಭ್ಯಾಸ, ಮುಂಬಾಗಿಲನ್ನು ಬರೀ ಮುಂದಕ್ಕೆಳೆದು ಹೋದಳು. ಅದಕ್ಕಾಗಿ ನಾನು ದಿನಾ ಅವಳ ಜೊತೆ ಜಗಳವಾಡುತ್ತಿದ್ದೆ.

ನೀರು ಕುಡಿಯಲು ಅಡುಗೆಮನೆಗೆ ಹೊರಟ ತಂಗಿಗೆ ಹಾಲಿನಲ್ಲೇ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಕುಸಿದಳು, ನೀರು ಒಡೆಯಿತು. ಫೋನು ರೂಮಿನ ಹಾಸಿಗೆಯ ಮೇಲಿತ್ತು. ಅವಳು ಕೂತದ್ದು ಮಗಳ ಬಾಗಿಲಿನ ಮುಂದೆಯೇ.

"ಪುಟ್ಟಿ, ಬಾಗ್ಲು ತೆಗಿಯೇ! ನಂಗೆ ಏನೋ ಆಗ್ತಿದೆ ಕಣೇ!"

ಚಿಲಕ ತೆಗೆಯಲಿಲ್ಲ.

ಬದಲಿಗೆ ಅವಳು ಊಟದ ತಟ್ಟೆಯನ್ನು ಹಿಡಿದು ರಸ್ತೆ ಕಡೆಯ ಕಿಟಕಿಗೆ ಓಡಿ, ಕಬ್ಬಿಣದ ಸರಳಿಗೆ ಬಡಿಯತೊಡಗಿದಳು. ಮಧ್ಯಾಹ್ನದ ಹೊತ್ತು, ಬೀದಿಯೆಲ್ಲ ಉಂಡು ಮಲಗಿತ್ತು. ಯಾರೂ ಬರಲಿಲ್ಲ. ಬಡಿದಳು, ಕೂಗಿದಳು, ಮತ್ತೆ ಬಡಿದಳು. ಕೊನೆಗೆ ಎದುರುಮನೆಯಾಕೆ, ಆಟೋ ಓಡಿಸುವವರ ಹೆಂಡತಿ, ಬೈಯಲೆಂದೇ ಹೊರಗೆ ಬಂದರು. "ಆಂಟಿ, ನನ್ನ ಹತ್ರ ಬರ್ಬೇಡಿ, ಚಿಕ್ಕಮ್ಮನ ಹತ್ರ ಹೋಗಿ, ಬಾಗ್ಲು ತೆಗ್ದೇ ಇದೆ!" ಅಂತ ಇವಳು ಕಿರುಚಿದಳಂತೆ. ಊಟಕ್ಕೆ ಬಂದಿದ್ದ ಗಂಡನನ್ನು ಎಬ್ಬಿಸಿ, ಅದೇ ಆಟೋದಲ್ಲಿ ಅವರು ನನ್ನ ತಂಗಿಯನ್ನು ಆಸ್ಪತ್ರೆಗೆ ಸೇರಿಸಿದರು.

ಸುದ್ದಿ ತಿಳಿದು ನಾನು ಓಡಿಹೋಗುವಷ್ಟರಲ್ಲಿ ತುರ್ತು ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತ್ತು. ಸುಸ್ತಾಗಿ ಮಲಗಿದ್ದ ತಂಗಿ ಮೊದಲು ಹೇಳಿದ್ದು ಇದು: "ಎಷ್ಟು ಕೂಗಿದ್ರೂ ಚಿಲಕ ತೆಗೀಲಿಲ್ಲ ಕಣಕ್ಕಾ ಅವಳು."

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಮನೆಗೆ ಬಂದವಳೇ ಬಾಗಿಲು ದಬದಬ ಬಡಿದು, "ಹೊಟ್ಟೇಲಿ ಮಗು ಇಟ್ಕೊಂಡೋಳು ಅಷ್ಟು ಕೂಗಿದ್ರೂ ಕಲ್ಲು ಹಂಗೆ ಇದ್ಯಲ್ಲೇ!" ಅಂತ ಕಿರುಚಿದೆ.

ಒಳಗಿಂದ ಸಣ್ಣ ದನಿ. "ಚಿಕ್ಕಮ್ಮ ಎಲ್ಲಿದಾರೆ?"

ಬಡಿಯುತ್ತಿದ್ದ ಕೈಯನ್ನು ಕೆಳಗಿಳಿಸಿದೆ. "ಆಸ್ಪತ್ರೇಲಿ" ಅಂದೆ. ಆಗ ಚಿಲಕ ಸರಿಯಿತು.

ಅಂಗೈಯೆರಡೂ ಕೆಂಪಾಗಿದ್ದವು. ಮೊಣಕೈ ಮೇಲಿನ ಗುಳ್ಳೆಗಳು ಸರಳಿಗೆ ಉಜ್ಜಿ ಒಡೆದಿದ್ದವು. ಮಂಚದ ಮೇಲಿನ ತಟ್ಟೆ ಅಂಚೆಲ್ಲ ನೆಗ್ಗಿ ಸೊಟ್ಟಗಾಗಿತ್ತು. "ಚಿಲಕದ ಮೇಲೆ ಕೈ ಇಟ್ಟಿದ್ದೆ ಅಮ್ಮ. ತೆಗೆದ್ರೆ ಪಾಪುಗೆ ಅಂಟುತ್ತೆ ಅಂತ..." ಅಷ್ಟು ಹೇಳಿ ಬಿಕ್ಕಿದಳು. ಆಮೇಲೆ, "ಪಾಪುಗೆ ಗುಳ್ಳೆ ಬಂತಾ?"

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ತಬ್ಬಿಕೊಂಡೇ ಕ್ಷಮೆ ಕೇಳಿದೆ. ಮಗಳ ಹತ್ತಿರ ನಾನು ಕ್ಷಮೆ ಕೇಳಿದ್ದು ಅದೇ ಮೊದಲು.

ತಾಯಿಗಾಗಲಿ ಮಗುವಿಗಾಗಲಿ ಒಂದು ಗುಳ್ಳೆಯೂ ಏಳಲಿಲ್ಲ. ಬಾಣಂತನ ಗುಬ್ಬಿಯಲ್ಲಿ ನಡೆಯಿತು. ಮಗಳಿಗೆ ಪೂರ್ತಿ ವಾಸಿಯಾಗಿದೆ, ಮಗುವನ್ನು ಎತ್ತಿಕೊಳ್ಳಬಹುದು ಅಂತ ಡಾಕ್ಟರಮ್ಮನೇ ಹೇಳಿದರೂ ಅವಳು ಕೇಳಲಿಲ್ಲ. ಭಾನುವಾರ ಹೋದಾಗಲೆಲ್ಲ ಜಗುಲಿಯಲ್ಲೇ ಕೂತು ಕಿಟಕಿಯಿಂದ ನೋಡಿಕೊಂಡು ವಾಪಸ್ ಬರುತ್ತಿದ್ದಳು.

ಎರಡು ತಿಂಗಳಿಗೆ ನಾಮಕರಣ. ಕುಣಿಗಲ್ಲಿನಿಂದ ಬೀಗರೆಲ್ಲ ವ್ಯಾನ್ ಮಾಡಿಕೊಂಡು ಬಂದರು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಆಕೆ ತೊಟ್ಟಿಲ ಹತ್ತಿರ ಬಂದಾಗ ನನ್ನ ತಂಗಿ ತಡೆದಳು. "ಮೊದ್ಲು ನಮ್ಮ ಪುಟ್ಟಿ ಹೇಳ್ಲಿ." ತಂಗಿಯ ಅತ್ತೆ ಪದ್ಧತಿ ಅಂತ ಏನೋ ಗೊಣಗಿದರು. ಆ ಸೋದರತ್ತೆಯೇ ಪಕ್ಕಕ್ಕೆ ಸರಿದು "ಹೇಳ್ಲಿ ಬುಡಮ್ಮ, ಮಗೂನ ಕಾದೋಳು ಅವಳೇ" ಅಂದಳು.

ಮಗಳು ಹೊಸಲಿನ ಹೊರಗೆ ನಿಂತಿದ್ದಳು. ನನ್ನ ಮುಖ ನೋಡಿ, "ಹೋಗ್ಲಾ ಅಮ್ಮ?" ಅಂತ ಕೇಳಿದಳು.

"ಹೋಗೇ" ಅಂದೆ.

ಅವಳು ಕೈ ತೊಳೆದು ಬಂದು ತೊಟ್ಟಿಲಿಗೆ ಬಗ್ಗಿದಳು. ಹೆಸರು ಹೇಳುವ ಮುಂಚೆ ಅವಳು ಮಗುವಿಗೆ ಹೇಳಿದ್ದು ಪಕ್ಕದಲ್ಲಿದ್ದ ನಮಗೆಲ್ಲ ಕೇಳಿಸಿತು: "ಆವತ್ತು ಬಾಗ್ಲು ತೆಗೀಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ ಪಾಪು."

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕುಣಿಗಲ್ಲಿನ ಬೀಗರ ಕಡೆ ತಿರುಗಿ, ಇಡೀ ಮನೆಗೆ ಕೇಳುವ ಹಾಗೆ ಹೇಳಿದೆ: "ನನ್ನ ಮಗಳು ಕಣ್ರೀ ಅವಳು."